ಎಸಿಯ ಬಾಯಿಗೆ ಬಳಿದ ವಿಭೂತಿ

ಹೋದ ವರ್ಷದ ಬೇಸಿಗೆ. ಬಸವ ಜಯಂತಿಗೆ ಇನ್ನೊಂದು ವಾರವಿತ್ತು. ನಮ್ಮ ಅತ್ತೆಯವರ ಕಣ್ಣಿನ ಪೊರೆ ತೆಗೆಸಲು ಉದಗೀರಕ್ಕೆ ಹೋಗಿದ್ದೆವು. ಆ ಪ್ರಯಾಣ ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆದದ್ದು ಆಗಿಹೋಯಿತು, ಮರೆತುಬಿಡು ಅಂತ ಮನೆಯ ಗಂಡಸರು ಹೇಳುತ್ತಾರೆ. ಹೀಗೆ ಹೇಳುವವರೆಲ್ಲ ಅವತ್ತು ತಪ್ಪು ಮಾಡಿದವರೇ, ಅದಕ್ಕೇ ನನಗೆ ಇನ್ನೂ ಸಿಟ್ಟು.

ನನ್ನ ತವರು ಭಾಲ್ಕಿ. ಕೊಟ್ಟದ್ದು ಗಡಿಯಾಚೆ, ಮರಾಠಿ ಸೀಮೆಯ ಉಮರ್ಗಾಕ್ಕೆ. ಪೇಟೆಯಲ್ಲಿ ಮನೆಗೆ ಹೊಂದಿಕೊಂಡೇ ನಮ್ಮದೊಂದು ಬಟ್ಟೆ ಅಂಗಡಿ. ಹಣದ ಗಲ್ಲೆಯ ಮೇಲೆ ಮಾವನವರು ಕೂಡುತ್ತಾರೆ, ಖರೀದಿಗೆ ನಮ್ಮ ಯಜಮಾನರು ಓಡಾಡುತ್ತಾರೆ. ಆದರೆ ಅಂಗಡಿಗೆ ಗಿರಾಕಿ ಬರುವುದು ಅತ್ತೆಯವರನ್ನು ನೋಡಿಕೊಂಡು. ಸೀರೆಗೆ ಕುಪ್ಪಸದ ಖಣ ಹೊಂದಿಸುವುದರಲ್ಲಿ ಅವರ ಸಮಾನ ಯಾರಿಲ್ಲ. ಸೀರೆಯ ಸೆರಗನ್ನು ಒಮ್ಮೆ ನೋಡಿ, ಹಿಂದೆ ತಿರುಗಿ, ಮೇಲಿನ ಸಾಲಿನ ಮೂರನೆಯ ಥಾನು ತೆಗಿ ಅಂದರೆ ಮುಗಿಯಿತು. ಬೆಳಕಿಗೆ ಹಿಡಿದು ನೋಡುವ ಕೆಲಸವೇ ಇಲ್ಲ. ಮದುವೆಯ ಬಟ್ಟೆ ಖರೀದಿಗೆ ನಮ್ಮ ಕಡೆ ಬಸ್ತಾ ಅನ್ನುತ್ತಾರೆ. ಬಸ್ತಾಕ್ಕೆ ಬಂದ ಹೆಂಗಸರು ಗಾಡಿ ಇಳಿಯುತ್ತಲೇ, 'ಆಯಿ ಅದಾರೇನ್ರೀ?' ಅಂತ ಕೇಳಿಯೇ ಒಳಗೆ ಕಾಲಿಡುತ್ತಾರೆ.

ಇದೆಲ್ಲ ಅವರು ಮಾಡಿದ್ದು ಒಂದೇ ಕಣ್ಣಿನಲ್ಲಿ. ಬಲಗಣ್ಣು ಚಿಕ್ಕಂದಿನಲ್ಲೇ ಸಿಡುಬು ಬಂದು ಹೋಗಿದೆ. ಉಳಿದ ಎಡಗಣ್ಣಿಗೆ ಪೊರೆ ಬಂದು, ಎರಡು ವರ್ಷದಿಂದ ಬಣ್ಣಗಳೆಲ್ಲ ಅವರಿಗೆ ಮಣ್ಣು ಕಲಸಿದ ನೀರಿನ ಹಾಗೆ ಕಾಣುತ್ತಿದ್ದವು. ಗಿರಾಕಿಯ ಮುಂದೆ ಹೇಳಿಕೊಳ್ಳಲು ನಾಚಿಕೆ. ಕೈಯಿಂದ ಬಟ್ಟೆ ಮುಟ್ಟಿ ನೋಡಿ, ನನ್ನ ಕಡೆ ಬಾಗಿ, 'ಸುಮಾ, ಇದು ಅಂಜೂರಿನೋ ಮರೂನೋ?' ಅಂತ ಪಿಸುಗುಟ್ಟಿ ಕೇಳುತ್ತಿದ್ದರು. ಆಪರೇಷನ್ ಅಂದರೆ ಹೆದರುತ್ತಿದ್ದ ಅವರನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು. 'ಇದೊಂದs ಕಣ್ಣದ ಯವ್ವಾ, ಇದೂ ಹೋದ್ರ?' ಅನ್ನುತ್ತಿದ್ದರು. 'ನಾ ಇದೀನಲ್ಲ ಅತ್ತಿ, ಹೋಗಲಿಕ್ಕ ಬಿಡಲ್ಲ' ಅಂತ ನಾನು ಮಾತು ಕೊಟ್ಟಿದ್ದೆ.

ಈಗ ಕಾರಿನ ವಿಷಯ. ನಮ್ಮ ಮನೆಯಲ್ಲಿ ಕಾರು ಕಾರಾಗಿ ಇರಲಿಲ್ಲ, ಗುಡಿಯಾಗಿತ್ತು. ಪ್ರತಿ ಸೋಮವಾರ ಮಾವನವರು ಪೂಜೆ ಮುಗಿಸಿ, ವಿಭೂತಿ ಗಟ್ಟಿ ಮತ್ತು ಧೂಪದ ಬಟ್ಟಲು ಹಿಡಿದುಕೊಂಡು ಅಂಗಳಕ್ಕೆ ಬರುತ್ತಿದ್ದರು. ಸ್ಟೇರಿಂಗಿಗೆ ಮೂರು ಬೆರಳು ವಿಭೂತಿ, ಗೇರಿಗೆ ಮೂರು ಬೆರಳು, ಆಮೇಲೆ ಎಸಿಯ ಗಾಳಿ ಬರುವ ನಾಲ್ಕು ಕಿಂಡಿಗಳಿಗೂ ಮೂರು ಮೂರು ಬೆರಳು. 'ಇದು ಗಾಡಿ ಉಸರ ಬಿಡೋ ಜಾಗಾ, ಇಲ್ಲಿಂದs ದೃಷ್ಟಿ ಒಳಗ ಹೋಗೋದು' ಅನ್ನುತ್ತಿದ್ದರು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಧೂಪದ ಬಟ್ಟಲನ್ನು ಕಾಲಿಡುವ ಜಾಗದಲ್ಲಿಟ್ಟು, ಬಾಗಿಲು ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವ ಹಾಗೆ ಗುಂಡಿ ಒತ್ತಿ, ಫ್ಯಾನು ಹಚ್ಚಿಬಿಡುತ್ತಿದ್ದರು. ಹೊಗೆ ಮೂಲೆಮೂಲೆಗೆ ಹೋಗಬೇಕಂತೆ! ಹೋಗುತ್ತಿತ್ತು. ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋಗುತ್ತಿತ್ತು.

ತಪ್ಪು ತಿಳಿಯಬೇಡಿ, ನಾನೂ ದಿನಾ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮಾಡಿಕೊಂಡೇ ಚಹಾ ಕುಡಿಯುವವಳು. ಆದರೆ ದೇವರ ಭಕ್ತಿ ಬೇರೆ, ಯಂತ್ರದ ಚಾಕರಿ ಬೇರೆ. ಹಾಲು ಕರೆಯುವ ಎಮ್ಮೆಗೆ ಕುಂಕುಮ ಹಚ್ಚಿದರಷ್ಟೇ ಸಾಕೆ, ಹುಲ್ಲು ಹಾಕುವುದು ಬೇಡವೆ?

ಒಂದು ವರ್ಷದೊಳಗೆ ಎಸಿ ಮೆತ್ತಗಾಯಿತು. ಗಾಳಿ ಬರುತ್ತಿತ್ತು, ಮುಖಕ್ಕೆ ಮುಟ್ಟುತ್ತಿರಲಿಲ್ಲ. ನಮ್ಮ ಯಜಮಾನರಿಗೆ ಗೊತ್ತಿದ್ದ ಔಷಧ ಒಂದೇ: ಗ್ಯಾಸ್ ತುಂಬಿಸುವುದು. ಒಮ್ಮೆ ತುಂಬಿಸಿದರು, ಮತ್ತೊಮ್ಮೆ ತುಂಬಿಸಿದರು. ಭಾಲ್ಕಿಯಲ್ಲಿ ನಮ್ಮಣ್ಣ ಬಾಡಿಗೆ ಗಾಡಿಗಳನ್ನು ಇಟ್ಟಿದ್ದಾನೆ. ಅವನಿಗೆ ಫೋನ್ ಮಾಡಿ ಕೇಳಿದೆ. 'ತಂಗೀ, ಮುಂದಿನ ಸೀಟಿನ ಎದುರಿಗಿನ ಡಬ್ಬಿ ಹಿಂದ ಗಾಳಿ ಸೋಸೋ ಜಾಳಿಗಿ ಇರ್ತದ. ಅದು ಕಟ್ಟಿರ್ಬೇಕು. ವರ್ಷಕ್ಕೊಮ್ಮೆ ಬದಲಿಸ್ಬೇಕು. ಗ್ಯಾಸ್ ಏನ್ ಪೆಟ್ರೋಲೇನು, ಉರದು ತೀರಲಿಕ್ಕ?' ಅಂದ. ನಾನು ಇದನ್ನೇ ನಮ್ಮವರಿಗೆ ಹೇಳಿದರೆ, 'ನಿಮ್ಮಣ್ಣ ದೊಡ್ಡ ಇಂಜಿನಿಯರ್ ಆಗ್ಯಾನ' ಅಂದುಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಗಾದೆಯಲ್ಲ, ದಿನಚರಿ.

ಉದಗೀರಕ್ಕೆ ಹೊರಡುವ ಒಂದು ವಾರ ಮುಂಚೆ ಮತ್ತೆ ಹೇಳಿದೆ. ಲಾತೂರಿಗೆ ಒಯ್ದು ಒಳಗೆಲ್ಲ ಸ್ವಚ್ಛ ಮಾಡಿಸಿಕೊಂಡು ಬನ್ನಿ, ಬರುವಾಗ ಅತ್ತಿಯ ಕಣ್ಣು ಹಸಿ ಇರುತ್ತದೆ, ಬಿಸಿಲು ಸುಡುತ್ತದೆ ಅಂದೆ. ಮದುವೆಯ ಹಂಗಾಮು ಅಂದರೆ ಅಂಗಡಿಗೆ ಸುಗ್ಗಿ. 'ಲಗ್ನಸರಾಯಿ ಅದ, ಅಂಗಡಿ ಬಿಟ್ಟು ಲಾತೂರಿಗಿ ಹೋಗ್ಲಾ? ನಿಲಂಗಾದಾಗ ದತ್ತಾ ಇದ್ದಾನಲ್ಲ, ಓಳಖಿ ಮನುಷ್ಯ. ದಾರ್ಯಾಗs ತೋರಿಸಿದ್ರ ಆಯ್ತು' ಅಂದರು. ಈ ಓಳಖಿ ಅನ್ನುವುದು ನಮ್ಮ ಗಡಿಯ ದೊಡ್ಡ ರೋಗ. ಕೆಲಸ ಬರುತ್ತದೋ ಇಲ್ಲವೋ ಯಾರೂ ಕೇಳುವುದಿಲ್ಲ, ಪರಿಚಯ ಇದ್ದರೆ ಸಾಕು.

ಹೋಗುವ ದಿನ ಬೆಳಗಿನ ತಂಪಿನಲ್ಲಿ ಹೋದೆವು, ಎಸಿ ಬೇಕಾಗಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಪಟ್ಟಿ ಬಿಚ್ಚಿದಾಗ ಅತ್ತೆಯವರು ಮೊದಲು ನೋಡಿದ್ದು ನನ್ನನ್ನೇ. ಸೆರಗಿನಿಂದ ಕುಪ್ಪಸದ ತನಕ ನೋಡಿದರು. ಆಮೇಲೆ, 'ಏ ಸುಮಾ, ಈ ಸೀರಿಗಿ ಈ ಕುಪ್ಪಸ ಯಾರು ಹೊಂದಿಸಿ ಕೊಟ್ಟಾರವ್ವಾ ನಿನಗ?' ಅಂದರು. ನಾನೇ ಹೊಂದಿಸಿಕೊಂಡಿದ್ದೆ. ನಗು ಮತ್ತು ಅಳು ಒಟ್ಟಿಗೇ ಬಂದವು. ಡಾಕ್ಟರಮ್ಮ ಕೂಡ ನಕ್ಕರು.

ಆಮೇಲೆ ನಗು ಬಿಟ್ಟು ಖಡಕ್ಕಾಗಿ ಹೇಳಿದರು. ಕಣ್ಣಿಗೆ ಬೆವರು ಇಳಿಯಬಾರದು, ಧೂಳು ಬೀಳಬಾರದು, ನಳದ ನೀರು ಸೋಕಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಉಜ್ಜಬಾರದು. ಏನೇ ತೊಂದರೆಯಾದರೂ ಮನೆಮದ್ದು ಮಾಡದೆ ನೇರ ಇಲ್ಲಿಗೇ ಬರಬೇಕು. ಹಗಲಿಗೆ ಕಪ್ಪು ಕನ್ನಡಕ, ನಿದ್ದೆ ಮಾಡುವಾಗ ಕಣ್ಣಿನ ಮೇಲೆ ಅಂಟಿಸಿಕೊಳ್ಳಲು ಪ್ಲಾಸ್ಟಿಕ್ಕಿನ ಒಂದು ಮುಚ್ಚಳ ಕೊಟ್ಟರು.

ಸಂಜೆ ತಂಪಿಗೆ ಹೊರಡೋಣ ಅಂದೆ. ಆಗಲಿಲ್ಲ. ಉಮರ್ಗಾದಲ್ಲಿ ಸಂಜೆಗೆ ಬಸ್ತಾದ ದೊಡ್ಡ ಗಿರಾಕಿ ಬರುವವರಿದ್ದರಂತೆ. ಸುಡುವ ಮಧ್ಯಾಹ್ನದಲ್ಲೇ ಹೊರಟೆವು. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಉಬ್ಬೆ. ಎಸಿಯಿಂದ ಬರುತ್ತಿದ್ದ ಗಾಳಿ ಊದುಕೊಳವೆಯ ಗಾಳಿಗಿಂತ ಕಡಿಮೆ. ಅತ್ತೆಯವರ ಹಣೆಯಿಂದ ಬೆವರು ಇಳಿಯುವುದು, ನಾನು ಪಕ್ಕದಲ್ಲಿ ಕೂತು ಶುಭ್ರ ಬಟ್ಟೆಯಿಂದ ಹುಬ್ಬಿನ ಮೇಲೇ ಒತ್ತಿ ತೆಗೆಯುವುದು, ಹೀಗೇ ನಿಲಂಗಾದವರೆಗೆ ಬಂದೆವು.

ದತ್ತಾನ ಗ್ಯಾರೇಜು ರಸ್ತೆಯ ಮೇಲೇ ಇತ್ತು. ಅತ್ತೆಯವರನ್ನು ಪಕ್ಕದ ಔಷಧಿ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂಡಿಸಿ ನಾನು ಬಂದು ನಿಂತೆ. ಅವನೂ ಮೊದಲು, 'ಗ್ಯಾಸ್ ಭರೂ ಕಾ?', ಗ್ಯಾಸ್ ತುಂಬಲೇ, ಅಂತಲೇ ಕೇಳಿದ. ಗ್ಯಾಸ್ ಬೇಡ, ಡಬ್ಬಿ ಹಿಂದಿನ ಜಾಳಿಗೆ ತೆಗಿ ಅಂದೆ. ಹೆಂಗಸು ಹೇಳಿದಳು ಅಂತ ಮೊದಲು ನಮ್ಮವರ ಮುಖ ನೋಡಿದ. ಅವರು ಹ್ಞೂಂ ಅಂದ ಮೇಲೆ ಡಬ್ಬಿ ಕಳಚಿ ಒಳಗೆ ಕೈ ಹಾಕಿದ.

ಹೊರಗೆ ಬಂದದ್ದನ್ನು ನೋಡಿ ಮೂಗಿಗೆ ಸೆರಗು ಹಿಡಿದೆ. ರೊಟ್ಟಿ ಹಂಚಿನ ತಳದ ಹಾಗೆ ಕಪ್ಪು. ಧೂಪದ ಜಿಡ್ಡು, ಅದರ ಮೇಲೆ ಬೂದಿ, ಬೂದಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು. ದತ್ತಾ ಅದನ್ನು ಎತ್ತಿ ಹಿಡಿದು, 'ಹಾ ಬಘಾ ತುಮಚಾ ದೇವ್ಹಾರಾ!' ಅಂತ ನಕ್ಕ. ನೋಡಿ ನಿಮ್ಮ ದೇವರ ಜಗಲಿ ಅಂತ ಅವನ ಮಾತಿನ ಅರ್ಥ. ನಮ್ಮವರೂ ನಕ್ಕರು. ನನಗೆ ನಗು ಬರಲಿಲ್ಲ. ನಾವು ವರ್ಷವೆಲ್ಲ ಉಸಿರಾಡಿದ್ದು ಅದರ ಮೂಲಕ.

ದತ್ತಾ ಜಾಳಿಗೆಯನ್ನು ಮೂಲೆಗೆ ಎಸೆದು ಡಬ್ಬಿ ಮುಚ್ಚತೊಡಗಿದ. 'ಹೊಸಾದು ಹಾಕಲ್ಲೇನು?' ಅಂತ ಕೇಳಿದೆ. ಲಾತೂರಿನಿಂದ ತರಿಸಬೇಕಂತೆ, ಅದಿಲ್ಲದಿದ್ದರೂ ನಡೆಯುತ್ತದಂತೆ. ಹಾಗಾದರೆ ಒಳಗಿನ ಬೂದಿ? ಆ ಕಿಂಡಿಗಳಲ್ಲಿ ಕೂತ ವಿಭೂತಿ? ಟಯರಿಗೆ ಗಾಳಿ ಹಾಕುವ ಯಂತ್ರ ಅಲ್ಲೇ ಬಿದ್ದಿತ್ತು. ಅದರಿಂದ ಒಂದೊಂದೇ ಕಿಂಡಿಯನ್ನು ತೆರೆದು ಊದಿ, ಒರೆಸಿ ಕೊಡು ಅಂದೆ.

'ಕಾಹೀ ಗರಜ್ ನಾಹೀ, ವಹಿನೀ' ಅಂದ. ಏನೂ ಅಗತ್ಯ ಇಲ್ಲ ಅತ್ತಿಗೆ ಅಂತ. ಅವನಿಗೆ ಊಟದ ಹೊತ್ತಾಗಿತ್ತು.

'ಅರ್ಧಾ ತಾಸಿನ ಕೆಲಸ ಅದ. ಮಾಡಿಸ್ರಿ' ಅಂತ ನಮ್ಮವರಿಗೆ ಹೇಳಿದೆ.

'ಅಂವಾ ಮಿಸ್ತ್ರಿ ಅದಾನ, ಬ್ಯಾಡ ಅಂದ್ರ ಬ್ಯಾಡ. ನೀ ಎಲ್ಲಾದ್ರಾಗೂ ಕಡ್ಡಿ ಆಡಸಬ್ಯಾಡ ಸುಮಾ. ಗಿರಾಕಿ ಬರೋ ಹೊತ್ತಾಯ್ತು.'

ಫ್ಯಾನು ಹಚ್ಚಿ ನೋಡಿದರು. ನಡುವಿನ ಕಿಂಡಿಗಳಿಂದ ಸ್ವಲ್ಪ ಬೂದಿ ಹಾರಿತು. ದತ್ತಾ ಅದನ್ನು ಹೊಲಸು ಅರಿವೆಯಿಂದ ಒರೆಸಿದ. ಗಾಳಿ ತಣ್ಣಗೆ ಜೋರಾಗಿ ಬಂತು. 'ಏಕದಮ್ ಕಾಶ್ಮೀರ!' ಅಂದ. ಎಡಗಡೆ ಅಂಚಿನ ಕಿಂಡಿ ಮುಚ್ಚಿಯೇ ಇತ್ತು, ಅದನ್ನು ಯಾರೂ ತೆರೆದು ನೋಡಲಿಲ್ಲ. ಅದು ಮಾವನವರ ಕಿಂಡಿ. ಅವರಿಗೆ ತಣ್ಣನೆ ಗಾಳಿ ಮೊಣಕಾಲಿಗೆ ಬಡಿದರೆ ಆಗುವುದಿಲ್ಲ, ಅದಕ್ಕೆ ಯಾವಾಗಲೂ ಮುಚ್ಚಿಡುತ್ತಿದ್ದರು. ಕೈಗೆ ಹತ್ತಿರ ಅಂತ ಎಲ್ಲಕ್ಕಿಂತ ಹೆಚ್ಚು ವಿಭೂತಿ ಸವರುತ್ತಿದ್ದದ್ದೂ ಅದಕ್ಕೇ.

ಅಲ್ಲಿಂದ ಹೊರಡುವಾಗ ನಮ್ಮವರು, 'ಅವ್ವಾ, ನೀ ಮುಂದ ಕೂಡು. ಮುಂದ ಗಾಳಿ ಛಲೋ ಬರ್ತದ' ಅಂದರು. ಹಿಂದೆಯೇ ಇರಲಿ ಅಂದೆ. 'ಬೆವರು ಬರಬಾರದು ಅಂತ ನೀನs ಹೇಳ್ತಿ, ಈಗ ಮುಂದ ಬ್ಯಾಡ ಅಂತಿ' ಅಂದರು. ಅದೂ ನಿಜ ಅನ್ನಿಸಿ ನಾನೇ ಮುಂದೆ ಕೂಡಿಸಿದೆ.

ಕಾಸಾರ ಶಿರಸಿ ದಾಟಿದೆವು. ಗಾಡಿ ತಂಪಾಗಿತ್ತು, ಅತ್ತೆಯವರಿಗೆ ಜೊಂಪು ಹತ್ತಿತ್ತು. ಕನ್ನಡಕ ತೂಕಡಿಕೆಯಲ್ಲಿ ಜಾರಿ ಮೂಗಿನ ತುದಿಗೆ ಬಂದಿತ್ತು. ಅವರು ಎಚ್ಚರವಾಗಿ ಅದನ್ನು ಎತ್ತಿ ಸರಿ ಮಾಡಿಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ನಮ್ಮವರು, 'ನೋಡವ್ವಾ, ಈಗ ಹ್ಯಾಂಗ ಬರ್ತದ ಗಾಳಿ' ಅನ್ನುತ್ತ ಫ್ಯಾನನ್ನು ಪೂರ್ತಿ ತಿರುಗಿಸಿ, ಕೈ ಚಾಚಿ ಆ ಎಡಗಡೆ ಕಿಂಡಿಯನ್ನು ತೆರೆದು ಅವರ ಮುಖಕ್ಕೇ ತಿರುಗಿಸಿದರು.

ಒಂದು ವರ್ಷದ ಸೋಮವಾರಗಳೆಲ್ಲ ಒಟ್ಟಿಗೆ ಹಾರಿ ಬಂದವು. ಅತ್ತೆಯವರ ಮುಖ, ಕೂದಲು, ಸೆರಗು ಎಲ್ಲ ಬೆಳ್ಳಗಾಯಿತು. 'ಅಯ್ಯೋ ಶಿವನೇ, ಕಣ್ಣು!' ಅಂತ ಚೀರಿದರು. ಎರಡೂ ಕೈ ಕಣ್ಣಿಗೆ ಹೋಗುತ್ತಿದ್ದವು.

ಹಿಂದಿನ ಸೀಟಿನಿಂದ ನಾನು ಹೇಗೆ ಮುಂದೆ ಹಾರಿದೆನೋ ಗೊತ್ತಿಲ್ಲ. ಎರಡು ಸೀಟುಗಳ ನಡುವೆ ತೂರಿ ಅವರ ಎರಡೂ ಮಣಿಕಟ್ಟು ಹಿಡಿದೆ. 'ಉಜ್ಜಬ್ಯಾಡ್ರಿ ಅತ್ತೀ, ಉಜ್ಜಬ್ಯಾಡ್ರಿ!' ಅಂತ ಕಿರುಚಿದೆ. ಅವರು ನೋವಿಗೆ ಒದ್ದಾಡುತ್ತಿದ್ದರು. ಆ ಮುದಿ ಕೈಗಳಲ್ಲಿ ಅಷ್ಟು ಬಲ ಇದೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಹಿಡಿತದಲ್ಲಿ ಅವರ ಹಸಿರು ಗಾಜಿನ ಬಳೆಗಳು ಪಟಪಟ ಒಡೆದವು. ನಾನು ಬಿಡಲಿಲ್ಲ.

ನಮ್ಮವರು ಗಾಡಿಯನ್ನು ಬದಿಗೆ ನಿಲ್ಲಿಸಿ, ನೀರಿನ ಬಾಟಲಿ ಹಿಡಿದು ಓಡಿ ಬಂದರು. 'ಕೈ ಬಿಡು, ನೀರ ಹೊಡೀತೀನಿ' ಅಂದರು.

'ನೀರ ಮುಟ್ಟಸಿದ್ರ ನೋಡ್ರಿ! ಡಾಕ್ಟರ್ ಏನ್ ಹೇಳ್ಯಾರ? ಗಾಡಿ ತಿರಗಸ್ರಿ. ಉದಗೀರಕ್ಕ ನಡೀರಿ.'

'ಮತ್ತ ಉದಗೀರಕ್ಕಾ? ಉಮರ್ಗಾ ಇಲ್ಲೇ ಅದ. ಮನಿಗಿ ಹೋಗಿ ನೋಡಮು. ಹಂಗ್ಯಾಕ ಚೀರ್ತಿ?'

ಹೀಗೆ ಹೇಳುತ್ತ ಅವರು ಮಾಡಿದ ಮೊದಲ ಕೆಲಸ ಏನು ಗೊತ್ತೆ? ಅಪ್ಪನಿಗೆ ಫೋನ್! ತಾಯಿಯ ಕಣ್ಣು ಉರಿಯುತ್ತಿದೆ, ಇವರಿಗೆ ಮನೆಯ ಹಿರಿಯರ ಅಪ್ಪಣೆ ಬೇಕು. ಫೋನಿನಲ್ಲಿ ಮಾವನವರ ದನಿ ನನಗೂ ಕೇಳುತ್ತಿತ್ತು. 'ವಿಭೂತಿ ಅಲಾ? ಏನ್ ಆಗಲ್ದು. ದೇವರದು ಅದ, ಕಣ್ಣಿಗಿ ತಂಪು. ಸುಮ್ಮ ಹೊಡಕೊಂಡು ಬರ್ರಿ ಮನಿಗಿ. ಗಿರಾಕಿ ಬಂದು ಕೂತಾರ.'

ನಾನು ಆ ಮನೆಗೆ ಬಂದು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಮಾವನವರ ಎದುರು ತಲೆಯ ಮೇಲಿನ ಸೆರಗು ಸರಿಸಿದವಳಲ್ಲ, ದನಿ ಎತ್ತಿದವಳಲ್ಲ. ಅವತ್ತು ಕುತ್ತಿಗೆ ಚಾಚಿ ಫೋನಿಗೆ ಕೂಗಿದೆ. 'ನಿಮ್ಮ ವಿಭೂತಿ ಈಗ ಅತ್ತಿ ಕಣ್ಣಾಗ ಅದ ಮಾಮಾ! ನೀವು ಗಿರಾಕಿ ನೋಡ್ಕೋರಿ. ಕಣ್ಣ ನಾ ನೋಡ್ಕೋತೀನಿ!'

ನಮ್ಮವರ ಕಡೆ ತಿರುಗಿ, 'ಈಗ ಗಾಡಿ ತಿರಗಸ್ತೀರೋ, ನಾ ರೋಡಿಗಿ ಅಡ್ಡ ನಿಂತು ಯಾವುದರ ಟೆಂಪೋ ಹಿಡೀಲೋ?' ಅಂದೆ. ನನ್ನ ಮುಖದಲ್ಲಿ ಏನು ಕಂಡರೋ, ಗಾಡಿ ತಿರುಗಿಸಿ ನಿಲ್ಲಿಸಿದರು.

ಅತ್ತೆಯವರನ್ನು ಹಿಂದಿನ ಸೀಟಿಗೆ ಕರೆತಂದೆವು. ನಮ್ಮವರಿಂದ ಅವರ ಕೈ ಹಿಡಿಸಿ, ಕೆನ್ನೆ ಹುಬ್ಬಿನ ಮೇಲಿನ ಬೂದಿಯನ್ನಷ್ಟೇ ಹಗುರಾಗಿ ತೆಗೆದು, ಡಾಕ್ಟರು ಕೊಟ್ಟಿದ್ದ ಪ್ಲಾಸ್ಟಿಕ್ ಮುಚ್ಚಳ ಕಣ್ಣಿನ ಮೇಲೆ ಅಂಟಿಸಿದೆ. ಎಸಿ ಬಂದ್. ಕಿಟಕಿ ಬಂದ್. ಗಾಡಿ ಒಲೆಯಂತೆ ಕಾದಿತ್ತು. ಅವರು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು, ನಾನು ಎರಡೂ ಕೈ ಬಿಡದೆ ಹಿಡಿದು ಕೂತೆ. ನಿಲಂಗಾ ಬಂತು. ದತ್ತಾನ ಗ್ಯಾರೇಜಿನ ಮುಂದೆಯೇ ದಾರಿ. ಅವನು ಹೊರಗೆ ನಿಂತು ಕೈ ತೊಳೆಯುತ್ತಿದ್ದ. ನಮ್ಮ ಗಾಡಿ ಗುರುತು ಹಿಡಿದು ನಗುತ್ತ ಕೈ ಎತ್ತಿದ. ಇಳಿದು ಏನಾದರೂ ಎತ್ತಿ ಅವನ ತಲೆಗೆ ಹಾಕಬೇಕು ಅನ್ನಿಸಿತು. ಕೈ ಖಾಲಿ ಇರಲಿಲ್ಲ.

'ಸುಮಾ, ಉರೀಲತದ. ಒಮ್ಮಿ ಉಜ್ಜಲಿ, ಒಮ್ಮಿ ಅಷ್ಟೇ' ಅಂತ ಅತ್ತೆಯವರು ಸಣ್ಣ ಮಗುವಿನಂತೆ ಬೇಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಬೇಡುವುದನ್ನೂ ಬಿಟ್ಟರು. 'ಹೋಯ್ತೇನವ್ವಾ ಕಣ್ಣು?' ಅಂದರು. 'ಇಲ್ಲ ಅತ್ತಿ, ನಾ ಬಿಡಲ್ಲ ಅಂದಿದ್ದಿಲ್ಲಾ?' ಅಂದೆ. ಒಳಗೆ ನನಗೇ ಧೈರ್ಯವಿರಲಿಲ್ಲ. ಸಿಟ್ಟೊಂದೇ ಇತ್ತು. ಅವತ್ತು ಆ ಸಿಟ್ಟಿಲ್ಲದಿದ್ದರೆ ನಾನು ಅಳುತ್ತ ಕೂತುಬಿಡುತ್ತಿದ್ದೆ.

ಉದಗೀರದಲ್ಲಿ ಡಾಕ್ಟರಮ್ಮ ನಮ್ಮನ್ನು ನೋಡುತ್ತಲೇ ಎದ್ದು ಬಂದರು. ಒಳಗೆ ಕರೆದೊಯ್ದು, ಕಣ್ಣನ್ನು ದೊಡ್ಡದಾಗಿ ತೋರಿಸುವ ದುರ್ಬೀನಿನ ಕೆಳಗೆ ಮಲಗಿಸಿ, ಔಷಧದ ನೀರಿನಿಂದ ತೊಳೆದು, ರೆಪ್ಪೆ ಮಡಚಿ ಒಂದೊಂದೇ ಕಣ ತೆಗೆದರು. ಹೊರಗೆ ಬಂದಾಗ ಅವರ ಮುಖ ಕೆಂಪಗಿತ್ತು.

'ಈ ಬೂದಿ ಎಲ್ಲಿಂದ ಬಂತು?'

ನಮ್ಮವರು ನೆಲ ನೋಡುತ್ತಿದ್ದರು. ನಾನೇ ಹೇಳಿದೆ. ಎಸಿಯಿಂದ ಬಂತು, ಎಸಿಯೊಳಗೆ ಮನೆಯವರೇ ಹಾಕಿದ್ದು ಅಂದೆ. 'ಆಪರೇಷನ್ ಗಾಯ ಬಿಚ್ಚಿಲ್ಲ, ನಿಮ್ಮ ಪುಣ್ಯ. ಅವರು ಉಜ್ಜಿದ್ರ ಗಾಯ ಬಾಯಿ ಬಿಡ್ತಿತ್ತು. ಬಾಟ್ಲಿ ನೀರ ಹೊಡದಿದ್ರ ಕೀವು ತುಂಬ್ತಿತ್ತು. ಇನ್ನೂ ಕೆಲವು ದಿನ ಹೇಳಲಿಕ್ಕ ಬರಲ್ಲ, ಕಾಯಬೇಕು' ಅಂದರು. ನಮ್ಮವರು ನಿಧಾನಕ್ಕೆ ನನ್ನ ಕಡೆ ನೋಡಿ, 'ಗಾಡಿ ಅಂದ ಮ್ಯಾಲ ಹಿಂಗೆಲ್ಲ ಆಗ್ತದ' ಅಂದರು. ಅಷ್ಟೇ. ತಪ್ಪಾಯಿತು ಅನ್ನುವ ಮಾತು ಬಾಯಿಯ ತನಕ ಬಂದು ಎಲ್ಲಿ ಸಿಕ್ಕಿಕೊಂಡಿತೋ, ಇವತ್ತಿಗೂ ಹೊರಬಿದ್ದಿಲ್ಲ. ಅವರ ಬಾಯಿಗೂ ಯಾರೋ ವಿಭೂತಿ ಬಳಿದಿರಬೇಕು!

ಡಾಕ್ಟರಮ್ಮ ಹೇಳಿದಂತೆ ಕೆಲವು ದಿನ ಅಲ್ಲೇ ಉಳಿದು ಊರಿಗೆ ಬಂದೆವು. ಬಾಗಿಲಲ್ಲಿ ಮಾವನವರು ನಿಂತಿದ್ದರು. ಹೆಂಡತಿಯ ಕಣ್ಣಿನ ಮೇಲಿದ್ದ ಮುಚ್ಚಳವನ್ನು ನೋಡಿದರು. ಆಮೇಲೆ ಕೈ ನೋಡಿದರು. ಒಂದು ಕೈಯಲ್ಲಿ ಒಂದೇ ಬಳೆ, ಇನ್ನೊಂದು ಕೈ ಬರಿದು, ಮಣಿಕಟ್ಟಿನ ಸುತ್ತ ನನ್ನ ಬೆರಳಿನ ನೀಲಿ ಗುರುತು.

'ಬಳಿ ಹ್ಯಾಂಗ ಒಡದವು? ನಾ ಇನ್ನೂ ಜೀವಂತ ಇದೀನಿ. ಮುತ್ತೈದಿ ಕೈ ಬರಿದು ಮಾಡ್ಕೊಂಡು ಹೊಸ್ತಿಲ ದಾಟತಾರೇನು?' ಅಂದರು. ಕಣ್ಣು ಹೇಗಿದೆ ಅಂತ ಕೇಳುವ ಮುಂಚೆ ಬಳೆ!

ನನ್ನ ನಾಲಿಗೆಯ ತುದಿಗೆ ಏನೇನು ಬಂದಿತ್ತೋ ದೇವರಿಗೇ ಗೊತ್ತು. ಅಷ್ಟರಲ್ಲಿ ಅತ್ತೆಯವರು ನನ್ನ ಭುಜ ಹಿಡಿದುಕೊಂಡೇ ಹೊಸ್ತಿಲು ದಾಟಿದರು. ಗಂಡನ ಎದುರು ಅವರು ನಿಂತು ಮಾತಾಡಿದ್ದನ್ನು ನಾನು ಮೊದಲ ಸಲ ನೋಡಿದ್ದು.

'ಬಳಿ ಪ್ಯಾಟ್ಯಾಗ ಸಿಗ್ತಾವ್ರೀ. ಕಣ್ಣ ಸಿಗ್ತದೇನು?'

ಮಾವನವರು ದಾರಿ ಬಿಟ್ಟರು.

ಕಣ್ಣು ಉಳಿಯಿತು. ಆದರೆ ಆ ಲಗ್ನಸರಾಯಿ ಪೂರ್ತಿ ಅತ್ತೆಯವರು ಕತ್ತಲೆ ಕೋಣೆಯಲ್ಲಿ ಕೂತರು. ಹೊತ್ತು ಹೊತ್ತಿಗೆ ಹನಿ ಹಾಕಿದೆ. ಹೊರಗೆ ಅಂಗಡಿಯಲ್ಲಿ ಬಸ್ತಾದ ಹೆಂಗಸರು 'ಆಯಿ ಎಲ್ಲಿ?' ಅಂತ ಕೇಳುತ್ತಿದ್ದದ್ದು ಅವರಿಗೆ ಒಳಗೆ ಕೇಳಿಸುತ್ತಿತ್ತು. ಪ್ರತಿ ಸಲ ಕೇಳಿದಾಗ ಅವರು ಗೋಡೆಯ ಕಡೆ ತಿರುಗುತ್ತಿದ್ದರು. ಅದನ್ನು ನೋಡಿದವಳು ನಾನೊಬ್ಬಳೇ. ಅದಕ್ಕೇ ಸಿಟ್ಟೂ ನನ್ನೊಬ್ಬಳಲ್ಲೇ ಉಳಿದಿದೆ.

ಮಳೆಗಾಲ ಶುರುವಾದ ಮೇಲೆ ಅವರು ಮತ್ತೆ ಅಂಗಡಿಯಲ್ಲಿ ಕೂತರು. ಒಂದು ದಿನ ಶಿರೂರ ಅನಂತಪಾಳದ ಕಡೆಯ ಗಿರಾಕಿಗಳು ಬಂದಿದ್ದರು. ಮಾವನವರು ಗಲ್ಲೆಯ ಮೇಲಿಂದ ಅವರಿಗೆ ಕಥೆ ಹೇಳುತ್ತಿದ್ದರು. 'ಆಪರೇಷನ್ ಆದ ಕಣ್ಣಾಗ ವಿಭೂತಿ ಬಿತ್ತು ನೋಡ್ರಿ. ಬ್ಯಾರೆ ಯಾರದರ ಆಗಿದ್ರ ಕಣ್ಣs ಹೋಗ್ತಿತ್ತು. ವಿಭೂತಿನs ಕಾಪಾಡ್ತು.' ಗಿರಾಕಿಗಳು ಕೈ ಮುಗಿದರು. ನಮ್ಮವರು ತಲೆಯಾಡಿಸಿದರು. ನಾನು ಕೈಯಲ್ಲಿದ್ದ ಥಾನನ್ನು ಪಟ್ ಅಂತ ಕೆಳಗಿಟ್ಟೆ.

ನನಗಿಂತ ಮುಂಚೆ ಅತ್ತೆಯವರು ಮಾತಾಡಿದರು. ಬಿಚ್ಚುತ್ತಿದ್ದ ಸೀರೆಯಿಂದ ಮುಖ ಎತ್ತಲಿಲ್ಲ. ದನಿಯನ್ನೂ ಎತ್ತಲಿಲ್ಲ.

'ಸುಳ್ಳ ಹೇಳಬ್ಯಾಡ್ರಿ. ನನ್ನ ಕಣ್ಣ ಕಾಪಾಡಿದ್ದು ಈಕಿ ಕೈ. ಇನ್ನೊಮ್ಮಿ ಆ ಗಾಡಿಗಿ ನೀವು ಬೂದಿ ಹಚ್ಚಿದ್ರ, ನಾ ಆ ಗಾಡಿ ಹತ್ತಂಗಿಲ್ಲ.'

ಅತ್ತೆಯವರು ಹಿಂದೆ ತಿರುಗಿ, 'ಸುಮಾ, ಮ್ಯಾಲಿನ ಸಾಲಿಂದು ಮೂರನೇ ಥಾನ ತೆಗಿ' ಅಂದರು. ತೆಗೆದುಕೊಟ್ಟೆ. ಸೀರೆಯ ಮೇಲೆ ಇಟ್ಟರು. ಎಳೆಗೆ ಎಳೆ ಹೊಂದಿತು.

ಅವತ್ತಿನಿಂದ ಮಾವನವರು ಕಾರಿಗೆ ದೂರದಿಂದ ಕೈ ಮುಗಿಯುತ್ತಾರೆ. ಜಾಳಿಗೆಯನ್ನು ಹೊತ್ತು ಹೊತ್ತಿಗೆ ನಾನೇ ನಿಂತು ಬದಲಿಸುತ್ತೇನೆ. ಯಾರ ಗಾಡಿ ಹತ್ತಿದರೂ ಮೊದಲು ಎಸಿ ಕಿಂಡಿಗೆ ಬೆರಳಾಡಿಸಿ ನೋಡುತ್ತೇನೆ, ಜನ ನಗುತ್ತಾರೆ. ಮೊನ್ನೆ ನಮ್ಮವರು, 'ಇನ್ನೂ ಸಿಟ್ಟು ಹೋಗಿಲ್ಲೇನು ನಿಂದು?' ಅಂತ ಕೇಳಿದರು.

'ಇಲ್ರೀ' ಅಂದೆ. 'ಅವತ್ತ ಕೈ ಬಿಟ್ಟಿಲ್ಲ, ಸಿಟ್ಟ್ಯಾಕ ಬಿಡ್ಲಿ?'